ಬೆಳಗ್ಗೆಯಿಂದ ರಾತ್ರಿವರೆಗೆ ಐದು ಹಳೇ ಸಿನಿಮಾ: ನೀವು ಕೇಳಿದ್ದು, ನಾನು ಹೇಳಿದ್ದು

ಹೋದ ತಿಂಗಳು ಒಂದು ಭಾನುವಾರ ಟೀವಿ ಚಾನೆಲ್ ಒಂದರಲ್ಲಿ ಬೆಳಗ್ಗೆ ಏಳರಿಂದ ನಡುರಾತ್ರಿವರೆಗೂ ಬರೀ ಹಳೇ ಕನ್ನಡ ಸಿನಿಮಾಗಳು. ‘ಸತ್ಯ ಹರಿಶ್ಚಂದ್ರ’, ‘ಕಸ್ತೂರಿ ನಿವಾಸ’, ‘ನಾಗರಹಾವು’, ‘ಬಬ್ರುವಾಹನ’, ಕೊನೆಗೆ ‘ಸಂಸ್ಕಾರ’. ಐದನ್ನೂ ಕೂತು ನೋಡಿದೆ. ಈ ಚಿತ್ರಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ, ತುಂಬಾ ಖುಷಿಯಾಯಿತು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿಕೊಂಡು ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಚಿಕ್ಕವನಿದ್ದಾಗ ಟೆಂಟಿನಲ್ಲಿ ‘ಸತ್ಯ ಹರಿಶ್ಚಂದ್ರ’ ನೋಡಿದ್ದೆ. ಅದು ಕಪ್ಪು ಬಿಳುಪು ಅಂತ ನನ್ನ ನೆನಪು. ಟೀವಿಯಲ್ಲಿ ನೋಡಿದರೆ ಬಣ್ಣದಲ್ಲಿ ಬಂತು. ಮೊಮ್ಮಗಳು ‘ತಾತ, ನಿಂಗೆ ಮರೆತುಹೋಗಿದೆ’ ಅಂತಾಳೆ. ಯಾರು ಸರಿ? (ತಿಪಟೂರು)

ನೀವೇ ಸರಿ, ಮೊಮ್ಮಗಳಿಗೆ ಧೈರ್ಯವಾಗಿ ಹೇಳಿ. ಹುಣಸೂರು ಕೃಷ್ಣಮೂರ್ತಿ ಅವರ ಈ ಚಿತ್ರ 1965ರಲ್ಲಿ ಬಂದಾಗ ಕಪ್ಪು ಬಿಳುಪೇ ಇತ್ತು. ಅದೇ ವರ್ಷ ತೆಲುಗಿನಲ್ಲೂ ಇದೇ ಕಥೆ ಬಂತು, ಅಲ್ಲಿ ಎನ್.ಟಿ. ರಾಮರಾವ್ ಹರಿಶ್ಚಂದ್ರ. ನಮ್ಮ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಿ ಮತ್ತೆ ಥಿಯೇಟರಿಗೆ ತಂದದ್ದು 2008ರಲ್ಲಿ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ, ಅಂದರೆ ಎರಡು ನಿಮಿಷದ ಒಂದು ಸಣ್ಣ ದೃಶ್ಯಕ್ಕೇ 2,880 ಚಿತ್ರಗಳು. ರಾಜನ ಪೀತಾಂಬರದ ಬಣ್ಣ ಅಷ್ಟೂ ಚಿತ್ರಗಳಲ್ಲಿ ಒಂದೇ ಸಮ ಬರಬೇಕು. ಆ ಕೆಲಸ ಮಾಡಿದವರ ಶ್ರಮಕ್ಕೆ ನಾನು ತಲೆಬಾಗುತ್ತೇನೆ. ಅದರಿಂದಾಗಿ ಹೊಸ ಹುಡುಗರೂ ಈ ಚಿತ್ರ ನೋಡಿದರು, ಅದೂ ನಿಜ.

ಆದರೂ ನನಗೆ ಕಪ್ಪು ಬಿಳುಪಿನದೇ ಇಷ್ಟ. ಕಾರಣ ಸ್ಮಶಾನದ ದೃಶ್ಯ. ಛಾಯಾಗ್ರಾಹಕರು ಆ ಬೆಳಕು ಇಟ್ಟಿದ್ದೇ ಕಪ್ಪು, ಬಿಳುಪು, ನಡುವಿನ ಬೂದು ಇಷ್ಟನ್ನೇ ಮನಸ್ಸಿನಲ್ಲಿಟ್ಟುಕೊಂಡು. ಪಂಢರಿಬಾಯಿ ಅವರ ಮುಖದ ಮೇಲೆ ಬೀಳುವ ನೆರಳು ಬಣ್ಣದಲ್ಲಿ ತೆಳುವಾಗುತ್ತದೆ. ಒಂದು ಉಪಾಯ ಹೇಳ್ತೀನಿ. ಮುಂದಿನ ಸಲ ಬಂದಾಗ ಟೀವಿಯ ಪಿಕ್ಚರ್ ಸೆಟ್ಟಿಂಗಿಗೆ ಹೋಗಿ ಕಲರ್ ಅನ್ನು ಸೊನ್ನೆಗೆ ಇಳಿಸಿ. ಟೆಂಟಿನಲ್ಲಿ ನೋಡಿದ ಸಿನಿಮಾ ಹತ್ತಿರಹತ್ತಿರ ವಾಪಸ್ ಬರುತ್ತದೆ. ಮೊಮ್ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಇನ್ನೊಂದು ಮಾತು. ‘ಕುಲದಲ್ಲಿ ಕೀಳ್ಯಾವುದೋ’ ಹಾಡಿನ ವೀರಬಾಹು ಎಂ.ಪಿ. ಶಂಕರ್ ಮೈಸೂರಿನ ಗರಡಿಯಲ್ಲಿ ಪಳಗಿದ ಪೈಲ್ವಾನರು. ಆ ಹಾಡಿಗೆ ದನಿ ಕೊಟ್ಟವರು ತೆಲುಗಿನ ಘಂಟಸಾಲ. ಆ ಮೈಕಟ್ಟಿಗೆ ಆ ಕಂಠ ಎಷ್ಟು ಚೆನ್ನಾಗಿ ಕೂತಿದೆ ನೋಡಿ.

ಪ್ರಶ್ನೆ: ಎಲ್ಲರ ಮುಖವೂ ಅಗಲವಾಗಿ ಕಾಣುತ್ತಿತ್ತು. ನಮ್ಮ ಟೀವಿಯೇ ಕೆಟ್ಟಿದೆಯಾ? (ಹುಬ್ಬಳ್ಳಿ)

ಟೀವಿ ಸರಿಯಾಗಿದೆ. ಆಗಿನ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ಚೌಕ. ಈಗಿನ ಟೀವಿ ಅಗಲ. ಆ ಚೌಕವನ್ನು ಎರಡೂ ಕಡೆ ಎಳೆದು ತುಂಬಿಸಿದರೆ ಎಲ್ಲರೂ ದಪ್ಪಗಾಗುತ್ತಾರೆ. ರಿಮೋಟಿನಲ್ಲಿ ಪಿಕ್ಚರ್ ಸೈಜ್ ಹುಡುಕಿ 4:3 ಮಾಡಿ. ಪಕ್ಕದಲ್ಲಿ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಕೆಲವು ಚಾನೆಲ್ಲುಗಳು ಎಳೆಯುವ ಬದಲು ಮೇಲೂ ಕೆಳಗೂ ಕತ್ತರಿಸಿಬಿಡುತ್ತವೆ. ಅದಕ್ಕೆ ಮನೆಯಲ್ಲಿ ಕೂತು ಮಾಡುವಂಥದ್ದು ಏನೂ ಇಲ್ಲ.

ಪ್ರಶ್ನೆ: ಕನ್ನಡದಲ್ಲಿ 1964ಕ್ಕೇ ಕಲರ್ ಸಿನಿಮಾ ಬಂದಿತ್ತಲ್ಲ, ಮತ್ತೆ 1971ರ ‘ಕಸ್ತೂರಿ ನಿವಾಸ’ ಯಾಕೆ ಕಪ್ಪು ಬಿಳುಪು? ಆ ಬೊಂಬೆಯ ಕಥೆಯನ್ನೂ ಹೇಳಿ. (ಶಿವಮೊಗ್ಗ)

ದುಡ್ಡು, ಅಷ್ಟೇ. 1964ರಲ್ಲಿ ಬಿ.ಎಸ್. ರಂಗಾ ‘ಅಮರಶಿಲ್ಪಿ ಜಕಣಾಚಾರಿ’ಯನ್ನು ಪೂರ್ತಿ ಬಣ್ಣದಲ್ಲಿ ತೆಗೆದರು ನಿಜ. ಆದರೆ ಕಲರ್ ಫಿಲ್ಮ್ ಹೊರದೇಶದಿಂದ ಬರಬೇಕಿತ್ತು, ಬೆಲೆ ಜಾಸ್ತಿ. ನಮ್ಮ ಮಾರುಕಟ್ಟೆ ಚಿಕ್ಕದು. ಹಾಗಾಗಿ ಎಪ್ಪತ್ತರ ದಶಕ ಶುರುವಾದ ಮೇಲೂ ಹೆಸರಾಂತ ನಿರ್ಮಾಪಕರೇ ಕಪ್ಪು ಬಿಳುಪಿನಲ್ಲಿ ತೆಗೆಯುತ್ತಿದ್ದರು. ‘ಕಸ್ತೂರಿ ನಿವಾಸ’ಕ್ಕೂ ಮುಂದೆ ಬಣ್ಣ ಬಂತು, 2014ರಲ್ಲಿ. ಆಗ ಥಿಯೇಟರಿಗೆ ಹೋಗಿದ್ದೆ. ಪಕ್ಕದ ಸೀಟಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಪಾರಿವಾಳದ ದೃಶ್ಯ ಬರುವ ಮೊದಲೇ ಸೆರಗು ಕಣ್ಣಿಗೆ ಒತ್ತಿಕೊಂಡಿದ್ದರು. ಕಥೆ ಅವರಿಗೆ ಬಾಯಿಪಾಠ, ಆದರೂ ಅಳು ತಡೆಯಲಿಲ್ಲ.

ಬೊಂಬೆ ನಮ್ಮ ಮನೆಗಳಲ್ಲಿ ಇರುತ್ತಿದ್ದಂಥದ್ದೇ. ಬುಡ ಗುಂಡಗೆ, ಭಾರವಾಗಿ ಇರುತ್ತದೆ, ಮೇಲೆ ಹಗುರ. ಎತ್ತ ತಳ್ಳಿದರೂ ಭಾರ ಕೆಳಕ್ಕೆ ಎಳೆಯುತ್ತದೆ, ಬೊಂಬೆ ಮತ್ತೆ ಎದ್ದು ನಿಲ್ಲುತ್ತದೆ. ದೊರೈ–ಭಗವಾನ್ ಜೋಡಿ ಇಡೀ ನಾಯಕನನ್ನು ಆ ಒಂದು ಆಟಿಕೆಯಲ್ಲಿ ತೋರಿಸಿಬಿಟ್ಟರು. ಚಿ. ಉದಯಶಂಕರ್ ‘ಆಡಿಸಿ ನೋಡು’ ಬರೆದರು, ಜಿ.ಕೆ. ವೆಂಕಟೇಶ್ ರಾಗ ಹಾಕಿದರು, ಪಿ.ಬಿ. ಶ್ರೀನಿವಾಸ್ ಹಾಡಿದರು. 46 ವರ್ಷ ಆದ ಮೇಲೆ 2017ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ‘ರಾಜಕುಮಾರ’ ಚಿತ್ರದ ಬೊಂಬೆ ಹಾಡಿನಲ್ಲಿ ಅದೇ ನೆನಪು ಮತ್ತೆ ಬಂತು. ಅಪ್ಪ ರಾಜ್‌ಕುಮಾರ್ ಅವರ ಬೊಂಬೆ ಮಗನ ಕೈಗೆ ಬಂದ ಹಾಗೆ. ಈಗ ಆ ಎರಡೂ ಹಾಡು ಒಟ್ಟಿಗೆ ಕೇಳುವುದು ನನಗಂತೂ ಕಷ್ಟ.

ಇದೇ ಕಥೆ ಆಮೇಲೆ ತಮಿಳಿಗೂ ಹೋಯಿತು. 1975ರಲ್ಲಿ ಶಿವಾಜಿ ಗಣೇಶನ್ ಆ ಪಾತ್ರ ಮಾಡಿದರು.

ಪ್ರಶ್ನೆ: ‘ನಾಗರಹಾವು’ ನೋಡಿದ ಮೇಲೆ ಕಾದಂಬರಿ ತಂದು ಓದಿದೆ. ಸಿನಿಮಾದ ಎಷ್ಟೋ ಕಥೆ ಅದರಲ್ಲಿ ಇಲ್ಲವಲ್ಲ? (ರಾಯಚೂರು) ಒನಕೆ ಓಬವ್ವನಾಗಿ ಬರುವವರು ಯಾರು, ಚಿತ್ರದಲ್ಲಿ ಮತ್ತೆಲ್ಲೂ ಅವರು ಕಾಣಲಿಲ್ಲ? (ಮಂಡ್ಯ) ಜಲೀಲನೇ ಅಂಬರೀಶ್ ಅವರ ಮೊದಲ ಪಾತ್ರವಾ? (ಇದನ್ನು ಹನ್ನೊಂದು ಮಂದಿ ಕೇಳಿದ್ದಾರೆ)

ಮೊದಲನೆಯದಕ್ಕೆ: ನೀವು ಮೂರರಲ್ಲಿ ಒಂದನ್ನು ಓದಿದ್ದೀರಿ. ಪುಟ್ಟಣ್ಣ ಕಣಗಾಲ್ ಈ ಚಿತ್ರಕ್ಕೆ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಬಳಸಿದರು. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಅಲಮೇಲು, ಮಾರ್ಗರೆಟ್, ಚಾಮಯ್ಯ ಮೇಷ್ಟ್ರು ಇವರನ್ನೆಲ್ಲ ಒಂದೇ ಸಿನಿಮಾದಲ್ಲಿ ಹಿಡಿಸಬೇಕಾದರೆ ಎಷ್ಟೋ ಬಿಡಬೇಕಾಯಿತು, ಎಷ್ಟೋ ಬದಲಾಯಿತು. ತ.ರಾ.ಸು. ಅವರಿಗೆ ಅದು ಹಿಡಿಸಲಿಲ್ಲ. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ಅವರು ನೊಂದು ಹೇಳಿದ ಮಾತು ಕನ್ನಡ ಚಿತ್ರರಂಗದಲ್ಲಿ ಇವತ್ತಿಗೂ ಓಡಾಡುತ್ತದೆ. ಬರೆದವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಚಿತ್ರದ ನಾಯಕ ರಾಮಾಚಾರಿಯನ್ನು ನಾನು ಬಿಟ್ಟುಕೊಡಲಾರೆ. ಮಿಕ್ಕ ಎರಡನ್ನೂ ಓದಿ. ಆಮೇಲೆ ಚಿತ್ರವನ್ನು ಇನ್ನೊಂದು ಸಲ ನೋಡಿ. ಯಾವ ಎಳೆ ಎಲ್ಲಿಂದ ಬಂತು ಅಂತ ಬಿಡಿಸುತ್ತಾ ಹೋದರೆ ಪುಟ್ಟಣ್ಣ ಎಂಥ ಕಥೆಗಾರ ಅನ್ನುವುದು ಗೊತ್ತಾಗುತ್ತದೆ.

ಓಬವ್ವ ನಮ್ಮ ಜಯಂತಿ. ಆ ಒಂದು ಹಾಡಿಗೆ ಮಾತ್ರ ಬರುತ್ತಾರೆ. ಹೈದರಾಲಿಯ ಸೈನಿಕರು ಕೋಟೆಯ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿ ಬರುವುದು, ಅವಳು ಒನಕೆ ಎತ್ತಿ ನಿಲ್ಲುವುದು. ಕೆಲವೇ ನಿಮಿಷ. ಕರ್ನಾಟಕದಲ್ಲಿ ಓಬವ್ವ ಅಂದರೆ ಇವತ್ತಿಗೂ ಎಷ್ಟೋ ಜನರ ಕಣ್ಣಿಗೆ ಬರುವುದು ಜಯಂತಿ ಅವರ ಆ ಮುಖವೇ. ನಾನು ಚಿತ್ರದುರ್ಗಕ್ಕೆ ಹೋದಾಗ ಕಿಂಡಿಯ ಮುಂದೆ ಒಂದು ಶಾಲೆಯ ಮಕ್ಕಳು ಆ ಹಾಡನ್ನೇ ಹಾಡುತ್ತಿದ್ದರು. ಅವರ ಮೇಷ್ಟ್ರೂ ದನಿಗೂಡಿಸಿದರು, ನಾನೂ ಹಾಡಿದೆ.

ಹೌದು, ಜಲೀಲ ಅಂಬರೀಶ್ ಅವರ ಮೊದಲ ಪಾತ್ರ. ಹುಟ್ಟು ಹೆಸರು ಅಮರನಾಥ್. ಅವರ ತಾತ ಯಾರು ಗೊತ್ತಾ? ಪಿಟೀಲು ವಿದ್ವಾನ್ ತಿರುಮಕೂಡಲು ಚೌಡಯ್ಯನವರು, ಏಳು ತಂತಿಯ ಪಿಟೀಲು ನುಡಿಸಿದವರು. ವಿಷ್ಣುವರ್ಧನ್ ಅವರೂ ಅದಕ್ಕೆ ಮುಂಚೆ ಸಂಪತ್ ಕುಮಾರ್. ‘ವಂಶವೃಕ್ಷ’ದಲ್ಲಿ ಒಂದು ಸಣ್ಣ ಪಾತ್ರ ಮಾಡಿದ್ದ ಹುಡುಗ. ಪುಟ್ಟಣ್ಣ ಹೆಸರೂ ಕೊಟ್ಟರು, ರಾಮಾಚಾರಿಯನ್ನೂ ಕೊಟ್ಟರು. 1972ರಲ್ಲಿ ಒಂದೇ ಸಿನಿಮಾದಿಂದ ಇಬ್ಬರು ಹೊರಬಂದು, 2009ರಲ್ಲಿ ವಿಷ್ಣುವರ್ಧನ್ ತೀರಿಕೊಳ್ಳುವವರೆಗೂ ಜೀವದ ಗೆಳೆಯರಾಗಿಯೇ ಉಳಿದರು. ಆ ಚಿತ್ರದಲ್ಲಿ ಮಾತ್ರ ಒಬ್ಬ ಇನ್ನೊಬ್ಬನಿಗೆ ಬಾರಿಸುತ್ತಾನೆ.

ಪ್ರಶ್ನೆ: ಟೈಟಲ್ ಕಾರ್ಡ್ ನೋಡಿ, ಟೈಟಲ್ ಕಾರ್ಡ್ ನೋಡಿ ಅಂತ ಯಾವಾಗಲೂ ಬರೆಯುತ್ತೀರಿ. ಆ ಹೆಸರುಗಳನ್ನು ಓದಿ ನಮಗೇನು ಸಿಗುತ್ತೆ? (ದಾವಣಗೆರೆ)

ಒಳ್ಳೆ ಪ್ರಶ್ನೆ. ಅವತ್ತು ಐದರಲ್ಲಿ ಮೂರು ಚಿತ್ರಗಳ ಹೆಸರುಗಳನ್ನು ಚಾನೆಲ್ಲಿನವರು ಅರ್ಧಕ್ಕೇ ಕತ್ತರಿಸಿ ಜಾಹೀರಾತಿಗೆ ಹೋದರು. ನನಗೆ ನಿಜವಾಗಲೂ ಬೇಜಾರಾಯಿತು. ಯಾಕೆ ಅಂತ ಒಂದು ಉದಾಹರಣೆ ಹೇಳ್ತೀನಿ.

ಹಳೇ ಚಿತ್ರಗಳಲ್ಲಿ ಹಾಡು ಬರೆದವರ ಜಾಗದಲ್ಲಿ ‘ಆರ್.ಎನ್. ಜಯಗೋಪಾಲ್’ ಅಂತ ಎಷ್ಟೋ ಸಲ ಬರುತ್ತದೆ. ಛಾಯಾಗ್ರಹಣದ ಜಾಗದಲ್ಲಿ ‘ಆರ್.ಎನ್.ಕೆ. ಪ್ರಸಾದ್’. ತಾರಾಗಣದಲ್ಲಿ ‘ಸುದರ್ಶನ್’, ಅಂದರೆ ಆರ್.ಎನ್. ಸುದರ್ಶನ್. ಮೂವರೂ ಅಣ್ಣತಮ್ಮಂದಿರು. ಅವರ ಹೆಸರಿನ ಹಿಂದಿರುವ ‘ಎನ್’ ಅಪ್ಪನದು, ಆರ್. ನಾಗೇಂದ್ರರಾಯರದು. ನಾಗೇಂದ್ರರಾಯರು ಯಾರು? ಕನ್ನಡದ ತೆರೆಕಂಡ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ದಲ್ಲಿ ರಾವಣ. ಅದೇ ಚಿತ್ರದಲ್ಲಿ ಇಂದ್ರಜಿತು ಆದವರು ಸುಬ್ಬಯ್ಯ ನಾಯ್ಡು. ಅವರ ಮಗ ಲೋಕೇಶ್, ‘ಭೂತಯ್ಯನ ಮಗ ಅಯ್ಯು’ ಚಿತ್ರದ ಅಯ್ಯು. ಒಂದು ಟೈಟಲ್ ಕಾರ್ಡಿನ ಒಂದು ಅಕ್ಷರ ಹಿಡಿದು ಹೊರಟರೆ ನೀವು 1934ಕ್ಕೆ ಹೋಗಿ ಮುಟ್ಟುತ್ತೀರಿ.

ಸ್ಟುಡಿಯೊ ಹೆಸರನ್ನೂ ಓದಿ. ಎಷ್ಟೋ ಕನ್ನಡ ಚಿತ್ರಗಳು ತಯಾರಾದದ್ದು ಮದರಾಸಿನಲ್ಲಿ, ಯಾಕೆಂದರೆ ಸ್ಟುಡಿಯೊ, ಲ್ಯಾಬು, ರೆಕಾರ್ಡಿಂಗ್ ಎಲ್ಲ ಅಲ್ಲೇ ಇತ್ತು. ನಮ್ಮ ಕಲಾವಿದರು ಅಲ್ಲಿ ಮನೆ ಮಾಡಿಕೊಂಡು ಇದ್ದರು. ಬೆಂಗಳೂರಿನ ಕಂಠೀರವ ಸ್ಟುಡಿಯೊ ಬಂದದ್ದು 1966ರಲ್ಲಿ. ಮೈಸೂರಿನ ಪ್ರೀಮಿಯರ್ ಸ್ಟುಡಿಯೊ ಹೆಸರು ಬಂದರೆ ಒಂದು ಕ್ಷಣ ನಿಲ್ಲಿ. 1989ರ ಫೆಬ್ರುವರಿಯಲ್ಲಿ ಟಿಪ್ಪು ಸುಲ್ತಾನನ ಧಾರಾವಾಹಿ ಚಿತ್ರೀಕರಣದ ವೇಳೆ ಅಲ್ಲಿ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತರು. ಕ್ಯಾಮೆರಾದ ಹಿಂದೆ ದುಡಿಯುತ್ತಿದ್ದವರು ಆ ಸೆಟ್ಟಿನಲ್ಲಿ ಎಷ್ಟೊಂದು ಜನ ಇದ್ದರು. ಅಂಥವರ ಹೆಸರು ಪರದೆ ಮೇಲೆ ಬರುವುದು ಎರಡು ಸೆಕೆಂಡು. ಆ ಎರಡು ಸೆಕೆಂಡನ್ನೂ ಕತ್ತರಿಸಿದರೆ ಹೇಗೆ?

ಪ್ರಶ್ನೆ: ‘ಬಬ್ರುವಾಹನ’ದಲ್ಲಿ ಅರ್ಜುನನೂ ರಾಜ್, ಬಬ್ರುವಾಹನನೂ ರಾಜ್. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇಬ್ಬರನ್ನೂ ಒಂದೇ ಫ್ರೇಮಿನಲ್ಲಿ ಹೇಗೆ ತಂದರು? ‘ಯಾರು ತಿಳಿಯರು’ ಹಾಡಿನಲ್ಲಿ ಎರಡು ದನಿ ಕೇಳುತ್ತಲ್ಲ? (ಉಡುಪಿ)

ಆ ಕಾಲದ ದ್ವಿಪಾತ್ರಕ್ಕೆಲ್ಲ ಮಾಸ್ಕ್ ಅಂತ ಒಂದು ವಿಧಾನ ಇತ್ತು. ಲೆನ್ಸಿನ ಅರ್ಧ ಭಾಗಕ್ಕೆ ಕಪ್ಪು ಅಡ್ಡ ಇಡುತ್ತಾರೆ. ನಟ ಎಡಗಡೆ ನಿಂತು ಒಂದು ಪಾತ್ರ ಮಾಡುತ್ತಾನೆ. ಫಿಲ್ಮಿನ ಆ ಅರ್ಧ ಮಾತ್ರ ಬೆಳಕು ಕಾಣುತ್ತದೆ. ಆಮೇಲೆ ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಅಡ್ಡವನ್ನು ಇನ್ನೊಂದು ಕಡೆಗೆ ಇಟ್ಟು, ನಟ ವೇಷ ಬದಲಿಸಿಕೊಂಡು ಬಲಗಡೆ ಬಂದು ಎರಡನೇ ಪಾತ್ರ ಮಾಡುತ್ತಾನೆ. ಈ ಎರಡೂ ಸಲದ ನಡುವೆ ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು, ದೀಪ ಸರಿಯಬಾರದು. ನಟನ ಕೈ ಮಧ್ಯದ ಗೆರೆ ದಾಟಿದರೆ ಬೆರಳೇ ಮಾಯ. ಎದುರಿಗೆ ಯಾರೂ ಇಲ್ಲದ ಜಾಗವನ್ನು ದಿಟ್ಟಿಸಿ ಸಿಟ್ಟು ಮಾಡಬೇಕು, ಅದೂ ಆ ಕಡೆಯವನ ಕಣ್ಣಿನ ಎತ್ತರ ನೆನಪಿಟ್ಟುಕೊಂಡು. ಮಿಕ್ಕ ಕಡೆ ಒಬ್ಬನ ಬೆನ್ನು, ಇನ್ನೊಬ್ಬನ ಮುಖ. ಬೆನ್ನು ಬೇರೆಯವರದು.

ದನಿ ಎರಡು, ನಿಮ್ಮ ಕಿವಿ ಚುರುಕಾಗಿದೆ. ಒಂದು ಪಿ.ಬಿ. ಶ್ರೀನಿವಾಸ್ ಅವರದು, ಇನ್ನೊಂದು ಸ್ವತಃ ರಾಜ್ ಅವರದು. ಕಾಕಿನಾಡದಲ್ಲಿ ಹುಟ್ಟಿದ ಪಿ.ಬಿ.ಎಸ್. ಎಷ್ಟೋ ವರ್ಷ ರಾಜ್ ಅವರ ಹಾಡುವ ದನಿಯೇ ಆಗಿದ್ದರು. ತಾನು ಶರೀರ, ಅವರು ಶಾರೀರ ಅಂತ ರಾಜ್ ಹೇಳುತ್ತಿದ್ದರು. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕೆ ರಾಜ್ ‘ಯಾರೇ ಕೂಗಾಡಲಿ’ ಹಾಡಿದರು, ಎಮ್ಮೆ ಮೇಲೆ ಕೂತು ಬರುವ ಹಾಡು, ಅಲ್ಲಿಂದ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. 1977ರ ‘ಬಬ್ರುವಾಹನ’ದಲ್ಲಿ ಇಬ್ಬರೂ ಎದುರುಬದುರು ನಿಂತಿದ್ದಾರೆ. ಎಷ್ಟೋ ವರ್ಷ ಒಂದೇ ಮನುಷ್ಯನಾಗಿದ್ದ ಇಬ್ಬರು ಒಂದು ಹಾಡಿನಲ್ಲಿ ಯುದ್ಧಕ್ಕೆ ನಿಂತಿರುವುದು ನೋಡಿ. ಟಿ.ಜಿ. ಲಿಂಗಪ್ಪನವರ ಸಂಗೀತ. ಕಣ್ಣು ಮುಚ್ಚಿ ಒಂದು ಸಲ ಕೇಳಿ.

ಪ್ರಶ್ನೆ: ರಾತ್ರಿ ‘ಸಂಸ್ಕಾರ’ ನೋಡಿದೆ, ನಿದ್ದೆ ಬರಲಿಲ್ಲ. ಆ ಅಗ್ರಹಾರ ಸೆಟ್ಟಾ, ನಿಜವಾದದ್ದಾ? (ಮಡಿಕೇರಿ)

ನಿಜವಾದದ್ದು. ಶೃಂಗೇರಿ ಹತ್ತಿರದ ವೈಕುಂಠಪುರ. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ. ಕಲಾವಿದ ಎಸ್.ಜಿ. ವಾಸುದೇವ್ ಕಲಾ ನಿರ್ದೇಶನ, ಸರೋದ್ ವಾದಕ ರಾಜೀವ್ ತಾರಾನಾಥ್ ಸಂಗೀತ. ಪ್ರಾಣೇಶಾಚಾರ್ಯರಾಗಿ ಗಿರೀಶ್ ಕಾರ್ನಾಡ್, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ನಿರ್ದೇಶಕರ ಪತ್ನಿ ಸ್ನೇಹಲತಾ ರೆಡ್ಡಿ. ಯು.ಆರ್. ಅನಂತಮೂರ್ತಿಯವರ ಮಲೆನಾಡಿನ ಕಥೆಗೆ ಇಷ್ಟು ಕಡೆಯಿಂದ ಜನ ಬಂದು ಸೇರಿದರು. ಹೊರಗಿನ ಕಣ್ಣಿಗೆ ನಮ್ಮ ಮಲೆನಾಡಿನ ಬೆಳಕು ಹಾಗೆ ಕಂಡಿದೆ.

ಸೆನ್ಸಾರಿನವರು ಮೊದಲು ಸರ್ಟಿಫಿಕೇಟ್ ಕೊಡಲಿಲ್ಲ. ಜಾತಿಯ ಗಲಾಟೆ ಆಗಬಹುದು ಅನ್ನುವ ಭಯ. ಮುಂದೆ ಆ ತಡೆ ತೆರವಾಯಿತು. ಅದೇ ಚಿತ್ರ 1970ರ ಸಾಲಿನ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ತಂತು. ಕನ್ನಡಕ್ಕೆ ಆ ಗೌರವ ಮೊದಲ ಸಲ. ಸ್ನೇಹಲತಾ ಅವರನ್ನು ತುರ್ತುಪರಿಸ್ಥಿತಿಯಲ್ಲಿ ಜೈಲಿಗೆ ಹಾಕಿದರು. ಆಸ್ತಮಾದಿಂದ ನರಳಿ, ಹೊರಗೆ ಬಂದ ಸ್ವಲ್ಪ ದಿನಕ್ಕೇ 1977ರ ಜನವರಿಯಲ್ಲಿ ತೀರಿಕೊಂಡರು. ಚಂದ್ರಿಯ ಆ ಕಣ್ಣುಗಳನ್ನು ನೋಡುವಾಗ ನನಗೆ ಇದು ನೆನಪಾಗದೆ ಇರುವುದಿಲ್ಲ. ನಿಮಗೆ ನಿದ್ದೆ ಬರದಿದ್ದದ್ದು ಆಶ್ಚರ್ಯವಲ್ಲ.

ಪ್ರಶ್ನೆ: ಇಷ್ಟೆಲ್ಲ ಹಾಕಿದವರು ‘ಸತಿ ಸುಲೋಚನ’ವನ್ನೂ ಹಾಕಬಹುದಿತ್ತು ಅಲ್ವಾ? (ತುಮಕೂರು)

ಹಾಕಲು ಅದು ಇಲ್ಲ. ಕೊಲ್ಹಾಪುರದಲ್ಲಿ ತಯಾರಾಗಿ, 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಥಿಯೇಟರಿನಲ್ಲಿ ತೆರೆಕಂಡ ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಆ ಕಾಲದ ಫಿಲ್ಮ್ ಸುಲಭವಾಗಿ ಬೆಂಕಿ ಹಿಡಿಯುತ್ತಿತ್ತು, ತೇವಕ್ಕೆ ಕೊಳೆಯುತ್ತಿತ್ತು. ಓಟ ಮುಗಿದ ಪ್ರಿಂಟುಗಳನ್ನು ಬೆಳ್ಳಿಯ ಅಂಶಕ್ಕಾಗಿ ಕರಗಿಸುವುದೂ ಇತ್ತು. ಸಿನಿಮಾ ಕಾಪಾಡಿಡುವ ರಾಷ್ಟ್ರೀಯ ಸಂಗ್ರಹಾಲಯ ಪುಣೆಯಲ್ಲಿ ಶುರುವಾದದ್ದೇ 1964ರಲ್ಲಿ. ಅಷ್ಟರಲ್ಲಿ 30 ವರ್ಷ ಹೋಗಿತ್ತು. ಉಳಿದರೆ ಏನಾಗುತ್ತದೆ ಅನ್ನುವುದಕ್ಕೆ ಗಿರೀಶ್ ಕಾಸರವಳ್ಳಿ ಅವರ 1977ರ ‘ಘಟಶ್ರಾದ್ಧ’ ನೋಡಿ. ಅದನ್ನು ಹೊಸದಾಗಿ ಶುದ್ಧಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು.

ಪ್ರಶ್ನೆ: ‘ನಾಗರಹಾವು’ ಶೂಟಿಂಗ್ ನಡೆಯುವಾಗ ನಮ್ಮ ತಂದೆ ಕೋಟೆಗೆ ದಿನಾ ಹೋಗಿ ನೋಡುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಆರು ಫೋಟೋ ಸಿಕ್ಕಿವೆ. ಒಂದರಲ್ಲಿ ಪುಟ್ಟಣ್ಣ ಇದ್ದಾರೆ, ಮಿಕ್ಕವರು ಯಾರೋ ಗೊತ್ತಿಲ್ಲ. ಏನು ಮಾಡಲಿ? (ಚಿತ್ರದುರ್ಗ)

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ದಯವಿಟ್ಟು ಅವುಗಳನ್ನು ಅಂಟು ಹಚ್ಚಿ ಆಲ್ಬಮ್ಮಿಗೆ ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಬೆರಳಚ್ಚು ಬೀಳದ ಹಾಗೆ ಅಂಚಿನಲ್ಲಿ ಹಿಡಿದು, ಒಳ್ಳೆಯ ಸ್ಕ್ಯಾನರಿನಲ್ಲಿ ಹಿಂದೆ ಮುಂದೆ ಎರಡೂ ಕಡೆ ಸ್ಕ್ಯಾನ್ ಮಾಡಿಸಿ ಎರಡು ಕಡೆ ಪ್ರತಿ ಇಡಿ. ಆಮೇಲೆ ಪ್ರಿಂಟ್ ಹಾಕಿಸಿಕೊಂಡು ನಿಮ್ಮ ತಂದೆಯ ವಯಸ್ಸಿನವರು ಯಾರಿದ್ದಾರೋ ಅವರ ಮನೆಗೆಲ್ಲ ಹೋಗಿ ತೋರಿಸಿ. ದೀಪ ಹಿಡಿದವರು, ಅಡುಗೆ ಮಾಡಿದವರು, ಗುಂಪಿನಲ್ಲಿ ಸೈನಿಕರಾಗಿ ನಿಂತ ಊರಿನ ಹುಡುಗರು ಅವುಗಳಲ್ಲಿ ಇರಬಹುದು. ಗುರುತು ಸಿಕ್ಕ ಒಂದೊಂದು ಹೆಸರನ್ನೂ ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ, ಬರೆದಿಡಿ. ಬಾಲ್ ಪೆನ್ನು ಬೇಡ, ಮುಂದಿನ ಕಡೆ ಗೀರು ಮೂಡುತ್ತದೆ. ತಂದೆಯವರ ಹೆಸರನ್ನೂ ಬರೆಯಿರಿ.